ಸೈಲೆನ್ಸರ್ ಬದಲಾಯಿಸಿದ ಮೇಲೆ ಸದ್ದು ಜಾಸ್ತಿ, ಪಿಕಪ್ ಕಮ್ಮಿ: ದೋಷ ಹುಡುಕುವುದು ಹೇಗೆ

ಹೊರಗಡೆ ಎಕ್ಸಾಸ್ಟ್ ಹಾಕಿಸಿಕೊಂಡ ಕಾರುಗಳು ವಾಪಸ್ ವರ್ಕ್‌ಶಾಪಿಗೆ ಬರುವಾಗ ತರುವ ದೂರುಗಳು ಹೆಚ್ಚೂಕಮ್ಮಿ ಇವೇ. ಕೆಳಗಿನ ಆರ್‌ಪಿಎಂನಲ್ಲಿ ಪಿಕಪ್ ಇಲ್ಲ. ಹೈವೇಯಲ್ಲಿ ಒಂದು ವೇಗಕ್ಕೆ ಬಂದರೆ ಕಾರಿನೊಳಗೆ ಗುಂಯ್ ಅನ್ನುತ್ತದೆ. ಎಂಜಿನ್ ಲೈಟ್ ಹತ್ತಿದೆ. ಆಕ್ಸಿಲರೇಟರ್ ಬಿಟ್ಟರೆ ಪಟಾಕಿ ಹೊಡೆದ ಹಾಗೆ ಸದ್ದು. ಇದಕ್ಕೆಲ್ಲ ಮಾಲೀಕರು ಹೇಳುವ ಕಾರಣ ಒಂದೇ: "ಪೈಪ್ ಸೈಜ್ ಸರಿಯಿಲ್ಲ." ಸೈಜು ತಪ್ಪಿರುವುದೂ ಉಂಟು. ಆದರೆ ಅದನ್ನು ಕೊನೆಗೆ ನೋಡಿ. ಎಷ್ಟೋ ಸಲ ತಪ್ಪು ಇರುವುದು ಒಂದು ಹಳೇ ಪ್ಯಾಕಿಂಗ್‌ನಲ್ಲಿ (ಜೋಡಣೆಯ ನಡುವೆ ಇಡುವ ಗ್ಯಾಸ್ಕೆಟ್), ಸರಿಯಾಗಿ ಕೂರದ ಫ್ಲ್ಯಾಂಜ್‌ನಲ್ಲಿ (ಎರಡು ಪೈಪನ್ನು ಬೋಲ್ಟ್ ಹಾಕಿ ಕೂಡಿಸುವ ಅಂಚು), ಅಥವಾ ವೆಲ್ಡರ್ ತನಗೆ ಅನುಕೂಲ ಆದ ಕಡೆ ಕೂರಿಸಿದ ಸೆನ್ಸರ್‌ನಲ್ಲಿ.

ಎರಡು ಬಗೆಯ ಕಾರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆದಿದ್ದೇನೆ. ಒಂದು, ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಜಾಸ್ತಿ ಗಾಳಿ ತಳ್ಳುವ ಭಾಗ) ಇಲ್ಲದ ಹೋಂಡಾ ಸಿಟಿ 1.5 ಐ-ವಿಟೆಕ್ ತರಹದ ಕಾರು. ಇನ್ನೊಂದು, ಟರ್ಬೊ ಇರುವ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಮತ್ತು 230 ಅಶ್ವಶಕ್ತಿಯ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್. ನಮ್ಮ ಕಡೆ ಎಕ್ಸಾಸ್ಟ್ ಬದಲಾಯಿಸುವ ಹುಚ್ಚು ಜಾಸ್ತಿ ಇರುವುದು ಇವುಗಳಿಗೇ. ಎರಡೂ ಬಗೆಗೆ ಒಂದೇ ಮದ್ದು ನಡೆಯುವುದಿಲ್ಲ. ಟರ್ಬೊ ಇಲ್ಲದ ಕಾರಿಗೆ ನಷ್ಟ ಮಾಡುವ ದಪ್ಪ ಪೈಪು, ಟರ್ಬೊ ಕಾರಿಗೆ ಲಾಭವೇ ಕೊಡಬಹುದು. ಅದಕ್ಕೆ ಮುಂದೆ ಬರುತ್ತೇನೆ.

ಎರಡು ಸೆನ್ಸರ್, ಮೂರು ಭಾಗ

ಕಾರನ್ನು ಲಿಫ್ಟ್ ಮೇಲೆ ಎತ್ತಿ, ಎಂಜಿನ್ನಿನಿಂದ ಹಿಂದಿನ ತುದಿಯವರೆಗೆ ಪೈಪನ್ನು ಒಮ್ಮೆ ಕಣ್ಣಲ್ಲೇ ಅಳೆಯಿರಿ. ಸಾಮಾನ್ಯವಾಗಿ ಎರಡು ಆಕ್ಸಿಜನ್ ಸೆನ್ಸರ್ ಕಾಣುತ್ತವೆ. ಮೊದಲನೆಯದು ಕ್ಯಾಟಲಿಟಿಕ್ ಕನ್ವರ್ಟರ್‌ಗಿಂತ (ಹೊಗೆಯ ವಿಷ ಕಡಿಮೆ ಮಾಡುವ ಭಾಗ, ಚಿಕ್ಕದಾಗಿ ಕ್ಯಾಟ್) ಮುಂದೆ, ಎರಡನೆಯದು ಅದರ ಹಿಂದೆ. ಟರ್ಬೊ ಇದ್ದರೆ ಮೊದಲ ಸೆನ್ಸರ್ ಟರ್ಬೊ ದಾಟಿದ ಮೇಲೆ ಇರುತ್ತದೆ.

ಈ ಎರಡು ಸೆನ್ಸರ್‌ಗಳನ್ನೇ ಗಡಿ ಅಂತ ಇಟ್ಟುಕೊಳ್ಳಿ. ಎಂಜಿನ್ನಿನಿಂದ ಮೊದಲ ಸೆನ್ಸರ್‌ವರೆಗೆ ಎಲ್ಲಾದರೂ ಲೀಕ್ ಇದ್ದರೆ ಪೆಟ್ರೋಲ್ ಲೆಕ್ಕ ತಪ್ಪುತ್ತದೆ, ಪವರ್ ಹೋಗುತ್ತದೆ, ಮೈಲೇಜ್ ಬೀಳುತ್ತದೆ. ಎರಡು ಸೆನ್ಸರ್‌ಗಳ ನಡುವೆ ಲೀಕ್ ಇದ್ದರೆ ಲೈಟ್ ಹತ್ತುತ್ತದೆ, ಓಡಿಸುವವರಿಗೆ ಬೇರೇನೂ ಗೊತ್ತಾಗದೇ ಇರಬಹುದು. ಎರಡನೇ ಸೆನ್ಸರ್‌ನಿಂದ ಹಿಂದೆ ಲೀಕ್ ಇದ್ದರೆ ಬರೀ ಸದ್ದು. ಹೊಗೆ ಕಾರಿನೊಳಗೆ ಬರದಿದ್ದರೆ ಅಷ್ಟೇ ತೊಂದರೆ. ಬಂದರೆ ಮಾತ್ರ ತಮಾಷೆ ಅಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇರುವುದಿಲ್ಲ. "ದೂರ ಹೋದರೆ ತಲೆನೋವು ಬರುತ್ತೆ" ಅಂತ ಯಾರಾದರೂ ಹೇಳಿದರೆ ಬೇರೆಲ್ಲ ಬಿಟ್ಟು ಮೊದಲು ಡಿಕ್ಕಿಯ ರಬ್ಬರ್ ಬೀಡಿಂಗ್, ಹಿಂದಿನ ಬಂಪರ್ ಒಳಗಿನ ಪೈಪಿನ ತುದಿ ಎರಡನ್ನೂ ನೋಡಿ. ಪೈಪು ಬಂಪರ್‌ನಿಂದ ಹೊರಗೆ ಬರದೆ ಒಳಗೇ ನಿಂತಿದ್ದರೆ ಹೊಗೆ ಡಿಕ್ಕಿಗೆ ನುಗ್ಗುತ್ತದೆ.

ಹೀಗೆ ಮೂರು ಭಾಗ ಮಾಡಿಕೊಂಡರೆ ಅರ್ಧ ಕೆಲಸ ಸ್ಕ್ಯಾನರ್ ಹಾಕುವ ಮೊದಲೇ ಮುಗಿಯುತ್ತದೆ. ಉದಾಹರಣೆಗೆ ಹೋಂಡಾ ಸಿಟಿಗೆ ಬರೀ ಹಿಂದಿನ ಡಬ್ಬ, ಅಂದರೆ ಸೈಲೆನ್ಸರ್, ಬದಲಾಯಿಸಿ, ಆಮೇಲೆ ಮೈಲೇಜ್ ಬಿತ್ತು ಅಂದರೆ ಡಬ್ಬದ ಮೇಲೆ ಅನುಮಾನ ಪಡುವುದು ಸುಮ್ನೆ. ಡಬ್ಬ ಬಿಚ್ಚುವಾಗ ಇಡೀ ಪೈಪನ್ನು ಜಗ್ಗಿ, ಮುಂದಿನ ಪ್ಯಾಕಿಂಗ್ ಅಲುಗಾಡಿಸಿರುತ್ತಾರೆ. ಅಲ್ಲಿ ನೋಡಿ. ಅಥವಾ ಹೊಸ ಸದ್ದು ಕೇಳುವ ಆಸೆಗೆ ಬಲಗಾಲು ಭಾರ ಆಗಿರುತ್ತದೆ. ಅದೂ ಒಂದು ದೋಷವೇ, ರಿಪೇರಿ ಮಾತ್ರ ನಮ್ಮ ಕೈಯಲ್ಲಿಲ್ಲ.

ಪಿಕಪ್ ಹೋಯಿತು ಅಂದಾಗ

ಸ್ಕ್ಯಾನರ್ ಹಾಕಿ ಫ್ಯೂಯೆಲ್ ಟ್ರಿಮ್ ನೋಡಿ, ಅಂದರೆ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಪೆಟ್ರೋಲನ್ನು ಎಷ್ಟು ಪ್ರತಿಶತ ಹೆಚ್ಚುಕಮ್ಮಿ ಮಾಡುತ್ತಿದೆ ಅನ್ನುವ ಅಂಕಿ. ಚಿಕ್ಕ ಬ್ಲೂಟೂತ್ ಅಡಾಪ್ಟರ್, ಫೋನಿನ ಆ್ಯಪ್ ಇದ್ದರೂ ಸಾಕು. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಐಡಲ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದು ಒಮ್ಮೆ, ಶಾರ್ಟ್ ಟ್ರಿಮ್ (ಆ ಕ್ಷಣದ್ದು) ಮತ್ತು ಲಾಂಗ್ ಟ್ರಿಮ್ (ಹಲವು ದಿನದ್ದು) ಎರಡನ್ನೂ ಕೂಡಿ ಬರೆದುಕೊಳ್ಳಿ. ಮೊತ್ತ ಸೊನ್ನೆಯ ಆಚೀಚೆ 5 ಪ್ರತಿಶತದೊಳಗೆ ಇದ್ದರೆ ಚಿಂತೆ ಇಲ್ಲ. +10 ದಾಟಿದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಸೇರುತ್ತಿದೆ.

ಎಕ್ಸಾಸ್ಟ್ ಪೈಪಿನಿಂದ ಹೊಗೆ ಹೊರಗೆ ಬರಬೇಕು, ಗಾಳಿ ಒಳಗೆ ಹೇಗೆ ಹೋಗುತ್ತದೆ ಅಂತ ಕೇಳಬಹುದು. ಹೊಗೆ ಒಂದೇ ಸಮನೆ ಹರಿಯುವುದಿಲ್ಲ, ಪ್ರತಿ ಸಿಲಿಂಡರ್‌ನಿಂದ ಒಂದೊಂದು ಹೊಡೆತವಾಗಿ ಬರುತ್ತದೆ. ರೈಲು ಹೋದ ಹಿಂದೆಯೇ ಹಳಿಯ ಮೇಲಿನ ಕಾಗದದ ಚೂರು ಎಳೆದುಕೊಂಡು ಹೋಗುವ ಹಾಗೆ, ಪ್ರತಿ ಹೊಡೆತದ ಹಿಂದೆ ಒಂದು ಕ್ಷಣ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆ ಆಗುತ್ತದೆ. ಆ ಕ್ಷಣದಲ್ಲಿ ಬಿರುಕಿನಿಂದ ಗಾಳಿ ಒಳಗೆ ಬರುತ್ತದೆ. ಮುಂದಿನ ಸೆನ್ಸರ್ ಆ ಗಾಳಿಯ ಆಕ್ಸಿಜನ್ ನೋಡಿ, ಪೆಟ್ರೋಲ್ ಕಡಿಮೆ ಆಯಿತು ಅಂತ ಇಸಿಯುಗೆ ಹೇಳುತ್ತದೆ. ಇಸಿಯು ಪೆಟ್ರೋಲ್ ಸುರಿಯುತ್ತದೆ. ಗಾಳಿ-ಪೆಟ್ರೋಲ್ ಅನುಪಾತ 14.7ಕ್ಕೆ 1 ಇರಬೇಕಾದ ಕಡೆ ನಿಜವಾಗಿ ಪೆಟ್ರೋಲ್ ಜಾಸ್ತಿ ಆಗಿರುತ್ತದೆ. ಸ್ಕ್ಯಾನರ್‌ನಲ್ಲಿ ಮಾತ್ರ ಪಿ0171 ಬರುತ್ತದೆ, ಅಂದರೆ ಪೆಟ್ರೋಲ್ ಕಡಿಮೆ ಅನ್ನುವ ಕೋಡ್! ಇಲ್ಲಿ ಕೋಡನ್ನು ನಂಬಿ ಇಂಜೆಕ್ಟರ್ ಬಿಚ್ಚಿದವರು ಇದ್ದಾರೆ.

ಐಡಲ್‌ನಲ್ಲಿ ಟ್ರಿಮ್ ಬಹಳ ಮೇಲೆ ಇದ್ದು, ಆರ್‌ಪಿಎಂ ಏರಿಸಿದ ಹಾಗೆ ಸರಿಹೋಗುತ್ತಾ ಬಂದರೆ ಅದು ಲೀಕಿನ ಗುರುತು. ಹೊಗೆ ಜಾಸ್ತಿ ಆದ ಹಾಗೆ ನುಸುಳುವ ಗಾಳಿಯ ಪಾಲು ಕಡಿಮೆ ಆಗುತ್ತದೆ. ಆದರೆ ಇಂಟೇಕ್ ಕಡೆ ಲೀಕ್ ಆದರೂ ಇದೇ ಚಿತ್ರ ಬರುತ್ತದೆ. ಬೇರೆ ಮಾಡುವುದು ಹೇಗೆ? ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಇಂಟೇಕ್ ಲೀಕ್ ಆಗಿದ್ದರೆ ಇಸಿಯು ಮಾಡಿದ ತಿದ್ದುಪಡಿ ನಿಜವಾದ ಕೊರತೆಗೆ, ಪ್ಲಗ್ ತುದಿ ಸ್ವಚ್ಛ ಅಥವಾ ಬಿಳಿಚಿಕೊಂಡಿರುತ್ತದೆ. ಎಕ್ಸಾಸ್ಟ್ ಲೀಕ್ ಆಗಿದ್ದರೆ ಪ್ಲಗ್ ಮೇಲೆ ಒಣ ಕಪ್ಪು ಮಸಿ ಕೂತಿರುತ್ತದೆ. ನನ್ನ ಮಟ್ಟಿಗೆ ಇಡೀ ಪರೀಕ್ಷೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಹೇಳುವ ಇನ್ನೊಂದು ಗುರುತು ಇಲ್ಲ.

ಇನ್ನು ಲೀಕ್ ಹುಡುಕುವುದು. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಮಾಡಿ. ಬಿಸಿಯಾದರೆ ಕಬ್ಬಿಣ ಹಿಗ್ಗಿ ಬಿರುಕು ಮುಚ್ಚಿಕೊಳ್ಳುತ್ತದೆ. 304 ಸ್ಟೇನ್‌ಲೆಸ್ ಸ್ಟೀಲಿನ ಒಂದು ಮೀಟರ್ ಪೈಪು 400 ಡಿಗ್ರಿ ಬಿಸಿ ಏರಿದರೆ ಸುಮಾರು 7 ಮಿಲಿಮೀಟರ್ ಉದ್ದ ಆಗುತ್ತದೆ. ಅಷ್ಟು ಜರುಗುವ ಪೈಪಿನಲ್ಲಿ ಕೂದಲೆಳೆ ಬಿರುಕು ಕಾಣುತ್ತದೆಯೇ? ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಬಾನೆಟ್ ತೆಗೆದು ಕಿವಿ ಕೊಡಿ. ಟಿಕ್ ಟಿಕ್ ಟಿಕ್ ಅಂತ ಸಣ್ಣ ಸದ್ದು ಬಂದು, ಬಿಸಿಯಾದ ಹಾಗೆ ನಿಂತುಹೋದರೆ ಮ್ಯಾನಿಫೋಲ್ಡ್ ಅಥವಾ ಹೆಡರ್ (ಸಿಲಿಂಡರ್‌ಗಳ ಹೊಗೆಯನ್ನು ಒಂದೇ ಪೈಪಿಗೆ ಸೇರಿಸುವ ಭಾಗ) ಪ್ಯಾಕಿಂಗ್ ಲೀಕ್. ಇದನ್ನು ಟ್ಯಾಪೆಟ್ (ಎಂಜಿನ್ ವಾಲ್ವ್ ಒತ್ತುವ ಭಾಗ) ಸದ್ದು ಅಂದುಕೊಂಡು ಆಯಿಲ್ ಬದಲಾಯಿಸುವವರು ಬಹಳ.

ಆಮೇಲೆ ಟಾರ್ಚ್ ಹಿಡಿದು ಒಂದೊಂದೇ ಜೋಡಣೆ ನೋಡಿ. ಲೀಕ್ ಇರುವ ಕಡೆ ಫ್ಲ್ಯಾಂಜ್ ಅಂಚಿನಿಂದ ಹೊರಕ್ಕೆ ಬೀಸಣಿಗೆ ಬಿಡಿಸಿದ ಹಾಗೆ ಮಸಿ ಹರಡಿರುತ್ತದೆ. ನಡುವೆ ಕಪ್ಪು, ಅಂಚಿಗೆ ಹೋದ ಹಾಗೆ ಬೂದು. ಮುಟ್ಟಿದರೆ ಬೆರಳಿಗೆ ಹತ್ತುತ್ತದೆ. ಹೊಸ ಪೈಪಾದರೆ ಇದು ಇನ್ನೂ ಎದ್ದು ಕಾಣುತ್ತದೆ, ಯಾಕೆಂದರೆ ಸುತ್ತಲಿನ ಸ್ಟೀಲ್ ಬಿಸಿಗೆ ಚಿನ್ನದ ಬಣ್ಣ, ನೀಲಿ ಬಣ್ಣಕ್ಕೆ ತಿರುಗಿರುತ್ತದೆ, ಮಸಿ ಬಿದ್ದ ಕಡೆ ಮಾತ್ರ ಮಂಕು. ಬೋಲ್ಟ್ ಮೂರಿದ್ದರೆ ಮೂರರ ಸ್ಪ್ರಿಂಗ್‌ಗಳನ್ನೂ ನೋಡಿ. ಒಂದು ಪೂರ್ತಿ ಅದುಮಿ, ಇನ್ನೊಂದು ಸಡಿಲ ಇದ್ದರೆ ಫ್ಲ್ಯಾಂಜ್ ಓರೆಯಾಗಿ ಕೂತಿದೆ. ಎಷ್ಟು ಬಿಗಿ ಮಾಡಿದರೂ ಅದು ನಿಲ್ಲುವುದಿಲ್ಲ. ಹ್ಯಾಂಗರ್ ಬಿಚ್ಚಿ, ಪೈಪನ್ನು ಸಡಿಲ ಬಿಟ್ಟು, ಮುಂದಿನಿಂದ ಹಿಂದಕ್ಕೆ ಮತ್ತೆ ಕೂರಿಸಬೇಕು.

ಕಣ್ಣಿಗೆ ಸಿಗದಿದ್ದರೆ ವ್ಯಾಕ್ಯೂಮ್ ಕ್ಲೀನರನ್ನು ಗಾಳಿ ಊದುವ ಕಡೆಗೆ ತಿರುಗಿಸಿ, ಬಟ್ಟೆ ಸುತ್ತಿ ಹಿಂದಿನ ಪೈಪಿಗೆ ಇಟ್ಟು, ಜೋಡಣೆಗಳ ಮೇಲೆ ಸೋಪಿನ ನೀರು ಹಾಕಿ. ಗುಳ್ಳೆ ಎದ್ದ ಕಡೆ ಲೀಕ್. ಎಂಜಿನ್ ಆಫ್ ಇರಬೇಕು, ಪೈಪ್ ತಣ್ಣಗಿರಬೇಕು. ಬಿಸಿ ಮ್ಯಾನಿಫೋಲ್ಡ್ ಪಕ್ಕ ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ ಹೊಡೆದು ಲೀಕ್ ಹುಡುಕುವ ಅಭ್ಯಾಸ ಕೆಲವರಿಗೆ ಇದೆ. ಬೇಡ, ಬೆಂಕಿ ಹತ್ತುತ್ತದೆ.

ಲೋಕಲ್ ಫ್ಯಾಬ್ರಿಕೇಶನ್ ಆಗಿದ್ದರೆ ಫ್ಲೆಕ್ಸ್ ಪೈಪ್ ಇದೆಯಾ ನೋಡಿ. ಹೆಣೆದ ಸ್ಟೀಲಿನ, ಬಳುಕುವ ಆ ಗೇಣುದ್ದದ ತುಂಡು. ಮುಂದಿನ ಚಕ್ರ ಓಡಿಸುವ ಕಾರುಗಳಲ್ಲಿ ಎಂಜಿನ್ ಅಡ್ಡಡ್ಡ ಕೂತಿರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಹಿಂದಕ್ಕೆ ವಾಲುತ್ತದೆ, ಬಿಟ್ಟಾಗ ಮುಂದಕ್ಕೆ. ಆ ಅಲುಗಾಟವನ್ನು ನುಂಗುವುದೇ ಫ್ಲೆಕ್ಸ್. ದುಡ್ಡು ಉಳಿಸಲು ಅದನ್ನು ಕತ್ತರಿಸಿ ಗಟ್ಟಿ ಪೈಪ್ ವೆಲ್ಡ್ ಮಾಡಿದ ಕಾರಿನಲ್ಲಿ ಹೆಡರ್ ವೆಲ್ಡಿಂಗ್ ಬಿರುಕು ಬಿಟ್ಟೇ ಬಿಡುತ್ತದೆ. ಆ ಬಿರುಕಿಗೆ ಮತ್ತೆ ವೆಲ್ಡಿಂಗ್ ಮಾಡಿಸಿ ಪ್ರಯೋಜನ ಇಲ್ಲ. ಪಕ್ಕದಲ್ಲೇ ಇನ್ನೊಂದು ಬಿಡುತ್ತದೆ. ಫ್ಲೆಕ್ಸ್ ಹಾಕಿಸಿ.

ಟರ್ಬೊ ಕಾರಿನಲ್ಲಿ ಮ್ಯಾನಿಫೋಲ್ಡಿಗೂ ಟರ್ಬೊಗೂ ನಡುವೆ ಲೀಕ್ ಆದರೆ ಟರ್ಬೈನ್ ತಿರುಗಿಸಬೇಕಾದ ಹೊಗೆಯೇ ಹೊರಗೆ ಹೋಗುತ್ತದೆ. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ತಡವಾಗಿ ಬರುತ್ತದೆ, ಬೂಸ್ಟ್ ಕಡಿಮೆ ಅನ್ನುವ ಪಿ0299 ಕೋಡ್ ಬೀಳಬಹುದು, ಜೋರಾಗಿ ಒತ್ತಿದಾಗ ಸುಯ್ ಅಂತ ಸೀಟಿ ಕೇಳುತ್ತದೆ. ಇಂಟರ್‌ಕೂಲರ್ (ಟರ್ಬೊ ಗಾಳಿಯನ್ನು ತಣ್ಣಗೆ ಮಾಡುವ ಭಾಗ) ಹೋಸ್ ಸಡಿಲ ಆದರೂ ಇದೇ ಸೀಟಿ. ಆದ್ದರಿಂದ ಎರಡೂ ಕಡೆ ಸ್ಮೋಕ್ ಟೆಸ್ಟ್ (ಹೊಗೆ ತುಂಬಿ ಲೀಕ್ ನೋಡುವುದು) ಮಾಡಿಸುವುದು ಒಳ್ಳೆಯದು.

ಲೀಕ್ ಇಲ್ಲ, ಆದರೂ ಎಳೆಯುವುದಿಲ್ಲ

ಹಾಗಾದರೆ ಎಲ್ಲೋ ಕಟ್ಟಿಕೊಂಡಿದೆ, ಇಲ್ಲವೇ ಪೈಪು ದಪ್ಪ ಜಾಸ್ತಿ ಆಗಿದೆ. ಎರಡರ ಲಕ್ಷಣ ಉಲ್ಟಾ. ಕಟ್ಟಿಕೊಂಡಿದ್ದರೆ ಕೆಳಗೆ ಸರಿಯಾಗಿದ್ದು ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ. ದಪ್ಪ ಜಾಸ್ತಿ ಆಗಿದ್ದರೆ ಕೆಳಗೆ ಸಪ್ಪೆ, ಮೇಲೆ ಚೆನ್ನಾಗಿ ಎಳೆಯುತ್ತದೆ.

ಕಟ್ಟಿಕೊಂಡಿದೆಯಾ ಅಂತ ನೋಡಲು ಮುಂದಿನ ಆಕ್ಸಿಜನ್ ಸೆನ್ಸರ್ ಬಿಚ್ಚಿ, ಅದೇ ತೂತಿಗೆ ಪ್ರೆಷರ್ ಗೇಜ್ ಹಾಕಿ. ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ: ಐಡಲ್‌ನಲ್ಲಿ 1.5 ಪಿಎಸ್‌ಐ ಒಳಗೆ, 2500 ಆರ್‌ಪಿಎಂನಲ್ಲಿ 3 ಪಿಎಸ್‌ಐ ಒಳಗೆ. ಅದನ್ನು ದಾಟಿದರೆ ಹಿಂದೆ ಎಲ್ಲೋ ತಡೆ ಇದೆ. ಗೇಜ್ ಇಲ್ಲದಿದ್ದರೆ ಇಂಟೇಕ್ ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ 2500ರಲ್ಲಿ ಹಿಡಿದು ನಿಲ್ಲಿ. ಮುಳ್ಳು ನಿಧಾನಕ್ಕೆ ಇಳಿಯುತ್ತಾ ಬಂದರೆ ಹೊಗೆ ಹೊರಗೆ ಹೋಗುತ್ತಿಲ್ಲ. ಇಲ್ಲಿ ಒಂದು ಮಾತು. ಗೇಜಿನ ಜೊತೆ ಬರುವ ಕಾಗದದಲ್ಲಿ ಐಡಲ್‌ಗೆ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಲೆಕ್ಕ. ಪ್ರತಿ ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ಬೆಂಗಳೂರು 3000 ಅಡಿ ಎತ್ತರದಲ್ಲಿದೆ. ಇಲ್ಲಿ 15 ಇಂಚು ತೋರಿಸಿದರೆ ಎಂಜಿನ್ನಿಗೆ ಏನೂ ಆಗಿಲ್ಲ. ಅದೇ 15 ಮಂಗಳೂರಿನಲ್ಲಿ ಬಂದರೆ ಏನೋ ಆಗಿದೆ.

ಹೊಸ ಎಕ್ಸಾಸ್ಟ್ ಕಟ್ಟಿಕೊಳ್ಳುವುದು ಹೇಗೆ ಅಂತೀರಾ? ಕೈಯಲ್ಲಿ ಕತ್ತರಿಸಿದ ಪ್ಯಾಕಿಂಗ್‌ನ ತೂತು ಪೈಪಿಗಿಂತ ಚಿಕ್ಕದಾಗಿರುತ್ತದೆ. ವೆಲ್ಡಿಂಗ್ ಒಳಗೆ ಇಳಿದು ಗಂಟುಗಂಟಾಗಿರುತ್ತದೆ. ಪೈಪನ್ನು ಮ್ಯಾಂಡ್ರೆಲ್ ಬೆಂಡ್ (ಒಳಗೆ ಆಧಾರ ಕೊಟ್ಟು ಬಗ್ಗಿಸುವುದು) ಮಾಡದೆ ಮಾಮೂಲಿ ಪ್ರೆಸ್‌ನಲ್ಲಿ ಬಗ್ಗಿಸಿದರೆ ತಿರುವಿನಲ್ಲಿ ಚಪ್ಪಟೆ ಆಗುತ್ತದೆ. ಹೊರಗೆ ಎರಡೂವರೆ ಇಂಚು ಅಂತ ದುಡ್ಡು ಕೊಟ್ಟಿರುತ್ತೀರಿ, ತಿರುವಿನಲ್ಲಿ ಅದು ಎರಡೇ ಇಂಚು. ಹಳೇ ಕಾರಾದರೆ ಕ್ಯಾಟ್ ಒಳಗಿನ ಜೇನುಗೂಡು ಒಡೆದು, ತುಂಡುಗಳು ಹಿಂದಿನ ಡಬ್ಬಕ್ಕೆ ಹೋಗಿ ಕೂತಿರಬಹುದು. ರಬ್ಬರ್ ಸುತ್ತಿಗೆಯಲ್ಲಿ ಕ್ಯಾಟ್ ಮೇಲೆ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಅಂದರೆ ಒಡೆದಿದೆ. ಮಿಸ್‌ಫೈರ್ ಆಗುತ್ತಿದ್ದ (ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದ) ಎಂಜಿನ್ನಿನಿಂದ ಹಸಿ ಪೆಟ್ರೋಲ್ ಬಂದು ಕ್ಯಾಟ್ ಒಳಗೆ ಉರಿದಾಗ ಹೀಗೆ ಆಗುತ್ತದೆ. ಮೊದಲು ಮಿಸ್‌ಫೈರ್ ಸರಿ ಮಾಡದೆ ಹೊಸ ಕ್ಯಾಟ್ ಹಾಕಬೇಡಿ.

ಈಗ ಪೈಪಿನ ದಪ್ಪ. "ಎಂಜಿನ್ನಿಗೆ ಬ್ಯಾಕ್ ಪ್ರೆಷರ್ ಬೇಕು" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಬೇಕಾಗಿರುವುದು ಒತ್ತಡ ಅಲ್ಲ, ವೇಗ. ಮೊದಲೇ ಹೇಳಿದ ಹಾಗೆ ಪ್ರತಿ ಹೊಡೆತದ ಹಿಂದೆ ಒತ್ತಡ ಇಳಿಯುತ್ತದೆ. ಪೈಪು, ಹೆಡರ್ ಸರಿಯಾದ ಅಳತೆಯಲ್ಲಿದ್ದರೆ ಆ ಇಳಿತ ಮುಂದಿನ ಸಿಲಿಂಡರ್‌ನ ಹೊಗೆಯನ್ನು ಹೊರಗೆ ಎಳೆಯಲು ಸಹಾಯ ಮಾಡುತ್ತದೆ. 2 ಇಂಚಿನಿಂದ 2.5 ಇಂಚಿಗೆ ಹೋದರೆ ಪೈಪಿನ ಅಡ್ಡಕೊಯ್ತ ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಅಷ್ಟೇ ಹೊಗೆಗೆ ವೇಗ ಸುಮಾರು 36 ಪ್ರತಿಶತ ಇಳಿಯುತ್ತದೆ. 1.5 ಲೀಟರ್‌ನ ಟರ್ಬೊ ಇಲ್ಲದ ಎಂಜಿನ್ 2000 ಆರ್‌ಪಿಎಂನಲ್ಲಿ ಊದುವ ಹೊಗೆಗೆ ಅಷ್ಟು ಜಾಗ ಬೇಕಿಲ್ಲ. ಸಿಟಿಯ 145 ನ್ಯೂಟನ್ ಮೀಟರ್ ಟಾರ್ಕ್ ಸಿಗುವುದೇ 4600 ಆರ್‌ಪಿಎಂನಲ್ಲಿ. ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅಲ್ಲಿಯವರೆಗೆ ಹೋಗುವವರು ಯಾರು? ಕೆಳಗೆ ಇದ್ದ ಅಷ್ಟಿಷ್ಟನ್ನೂ ದಪ್ಪ ಪೈಪ್ ತಿಂದರೆ ಎರಡನೇ ಗೇರ್‌ನಲ್ಲಿ ಕಾರು ಜಗ್ಗುತ್ತದೆ.

ಟರ್ಬೊ ಕಾರಿನಲ್ಲಿ ಟರ್ಬೊ ದಾಟಿದ ಮೇಲೆ ಈ ಎಳೆತದ ಆಟ ಹೆಚ್ಚು ನಡೆಯುವುದಿಲ್ಲ. ಟರ್ಬೈನಿಗೆ ಮುಂದೆ ಇರುವ ಒತ್ತಡಕ್ಕೂ ಹಿಂದೆ ಇರುವ ಒತ್ತಡಕ್ಕೂ ಅಂತರ ಜಾಸ್ತಿ ಇದ್ದಷ್ಟೂ ಅದು ಬೇಗ ತಿರುಗುತ್ತದೆ. ಆದ್ದರಿಂದ ಅಲ್ಲಿ ದಪ್ಪ ಡೌನ್‌ಪೈಪಿನಿಂದ (ಟರ್ಬೊ ಹಿಂದಿನ ಮೊದಲ ಪೈಪು) ನಿಜವಾದ ಲಾಭ ಇದೆ, ಜೊತೆಗೆ ಇಸಿಯು ಮ್ಯಾಪ್ (ಪೆಟ್ರೋಲ್, ಬೂಸ್ಟ್ ಲೆಕ್ಕದ ಪ್ರೋಗ್ರಾಂ) ಬದಲಾಯಿಸಿದರೆ. ಬರೀ ಹಿಂದಿನ ಡಬ್ಬ ಬದಲಾಯಿಸಿ "ಹತ್ತು ಅಶ್ವಶಕ್ತಿ ಬಂತು" ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಸದ್ದು ಬಂದಿರುತ್ತದೆ.

ಎಂಜಿನ್ ಲೈಟ್

ಬಹಳ ಸಲ ಬರುವ ಕೋಡ್ ಪಿ0420. ಕ್ಯಾಟ್ ತನ್ನ ಕೆಲಸ ಮಾಡುತ್ತಿಲ್ಲ ಅನ್ನುವುದು ಅರ್ಥ. ಕ್ಯಾಟ್ ತೆಗೆಸಿದ್ದರೆ ಹುಡುಕಲು ಏನೂ ಇಲ್ಲ, ಕಾರಣ ಕಣ್ಣೆದುರಿಗೇ ಇದೆ. ಕಂಪನಿಯ ಕ್ಯಾಟ್‌ನಲ್ಲಿ ಸಾಮಾನ್ಯವಾಗಿ ಚದರ ಇಂಚಿಗೆ 400 ಕಣ್ಣು ಇದ್ದರೆ, ಸ್ಪೋರ್ಟ್ಸ್ ಕ್ಯಾಟ್‌ನಲ್ಲಿ 200 ಇರುತ್ತದೆ. ಗುಣಮಟ್ಟ ಕಡಿಮೆ ಇದ್ದರೆ ಅದಕ್ಕೂ ಲೈಟ್ ಹತ್ತುತ್ತದೆ.

ಕಂಪನಿಯ ಕ್ಯಾಟ್ ಹಾಗೇ ಇದ್ದೂ ಪಿ0420 ಬಂದರೆ ಹಿಂದಿನ ಸೆನ್ಸರ್‌ನ ವೋಲ್ಟೇಜ್ ನೋಡಿ. ಕ್ಯಾಟ್ ಚೆನ್ನಾಗಿದ್ದರೆ ಅದು 0.6, 0.7 ಆಸುಪಾಸಿನಲ್ಲಿ ಹೆಚ್ಚು ಅಲುಗಾಡದೆ ನಿಂತಿರುತ್ತದೆ. 0.1ಕ್ಕೂ 0.9ಕ್ಕೂ ನಡುವೆ ಪಟಪಟ ಕುಣಿಯುತ್ತಿದ್ದರೆ ಕ್ಯಾಟ್ ಸತ್ತಿದೆ. ಯಾವಾಗಲೂ ಕೆಳಗೇ ಮಲಗಿದ್ದರೆ ಅದರ ಮುಂದೆ ಲೀಕ್ ಇದೆ, ಅಥವಾ ವೈರ್ ಸುಟ್ಟಿದೆ. ಹೊಸ ಪೈಪು ಹಳೆಯದಕ್ಕಿಂತ ಒಂದಿಂಚು ಆಚೀಚೆ ಹೋದರೆ ಸೆನ್ಸರ್ ವೈರ್ ಅದಕ್ಕೆ ತಾಗಿ ಕರಗುವುದು ಮಾಮೂಲಿ.

ಸೆನ್ಸರ್ ಕೂರಿಸಿದ ಕೋನವನ್ನೂ ನೋಡಿ. ತುದಿ ಕೆಳಮುಖವಾಗಿ, ಅಡ್ಡಗೆರೆಯಿಂದ ಕನಿಷ್ಠ 10 ಡಿಗ್ರಿ ಮೇಲಿಂದ ಇಳಿದಂತೆ ಇರಬೇಕು. ಪೈಪಿನ ಅಡಿಯಿಂದ ಮೇಲಕ್ಕೆ ಚುಚ್ಚಿದ್ದರೆ ಬೆಳಿಗ್ಗೆ ಪೈಪಿನೊಳಗೆ ಸೇರುವ ನೀರು ಸೆನ್ಸರ್ ಮೇಲೆ ನಿಂತು, ಬಿಸಿಯಾದಾಗ ಒಳಗಿನ ಸೆರಾಮಿಕ್ ಒಡೆಯುತ್ತದೆ. ಸೆನ್ಸರ್ ಮೇಲೆ ಮೇಲೆ ಹೋಗುತ್ತಿದೆ ಅನ್ನುವ ಕಾರುಗಳಲ್ಲಿ ಮೊದಲು ಇದನ್ನೇ ನೋಡಬೇಕು.

ಹಿಂದಿನ ಸೆನ್ಸರ್‌ಗೆ ಸ್ಪೇಸರ್ (ಸೆನ್ಸರನ್ನು ಹೊಗೆಯಿಂದ ದೂರ ಇಡುವ ತುಂಡು) ಹಾಕಿ ಲೈಟ್ ಆರಿಸುವ ಉಪಾಯ ಎಲ್ಲರಿಗೂ ಗೊತ್ತು. ಅದು ರಿಪೇರಿ ಅಲ್ಲ. ಹೊಗೆ ಹಾಗೇ ಇರುತ್ತದೆ, ನಾಳೆ ನಿಜವಾಗಿ ತೊಂದರೆ ಬಂದರೂ ಲೈಟ್ ಹತ್ತುವುದಿಲ್ಲ. ಬಿಎಸ್4 ನಂತರದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ 0.3 ಪ್ರತಿಶತ. ಕ್ಯಾಟ್ ಇಲ್ಲದ ಕಾರು ಪ್ರಾಮಾಣಿಕವಾದ ಪಿಯುಸಿ ಮೆಷಿನ್ನಿನಲ್ಲಿ ಈ ಮಿತಿಯೊಳಗೆ ಪಾಸಾಗುವುದು ಕಷ್ಟ.

ಕಾರಿನೊಳಗಿನ ಗುಂಯ್ ಸದ್ದು

ಮೊದಲು ಇದು ಎಕ್ಸಾಸ್ಟ್ ಸದ್ದೇ ಹೌದಾ ಅಂತ ಖಚಿತ ಮಾಡಿಕೊಳ್ಳಿ. ಸದ್ದು ಬರುವ ವೇಗದಲ್ಲೇ ಇದ್ದು ಒಂದು ಗೇರ್ ಇಳಿಸಿ. ಸದ್ದು ಹೋದರೆ ಅದು ಆರ್‌ಪಿಎಂಗೆ ಅಂಟಿದ್ದು, ಎಕ್ಸಾಸ್ಟ್ ಅಥವಾ ಎಂಜಿನ್ ಮೌಂಟ್. ಹೋಗದಿದ್ದರೆ ಟೈರ್ ಅಥವಾ ವೀಲ್ ಬೇರಿಂಗ್. ಬೇರಿಂಗ್ ಸದ್ದಿಗೆ ಸೈಲೆನ್ಸರ್ ಬೈಸಿಕೊಂಡ ಉದಾಹರಣೆ ಬೇಕಾದಷ್ಟಿದೆ.

ನಾಲ್ಕು ಸಿಲಿಂಡರ್ ಎಂಜಿನ್ನಿನಲ್ಲಿ ಒಂದು ಸುತ್ತಿಗೆ ಎರಡು ಹೊಡೆತ. ಆದ್ದರಿಂದ ಆರ್‌ಪಿಎಂ ಅನ್ನು 30ರಿಂದ ಭಾಗಿಸಿದರೆ ಸದ್ದಿನ ಹರ್ಟ್ಜ್ ಸಿಗುತ್ತದೆ. 2400 ಆರ್‌ಪಿಎಂಗೆ 80 ಹರ್ಟ್ಜ್, 3000ಕ್ಕೆ 100. ಫೋನಿನಲ್ಲಿ ಸದ್ದಿನ ಸ್ಪೆಕ್ಟ್ರಮ್ ತೋರಿಸುವ ಆ್ಯಪ್ ಹಾಕಿ, ಪಕ್ಕದವರ ಕೈಗೆ ಕೊಟ್ಟು, ಗುಂಯ್ ಬರುವಾಗ ಎಷ್ಟರಲ್ಲಿ ಗೆರೆ ಏಳುತ್ತದೆ ನೋಡಿ. ಲೆಕ್ಕಕ್ಕೆ ಹೊಂದಿದರೆ ಅನುಮಾನ ಇಲ್ಲ.

ಆಮೇಲೆ ಪೈಪು ಎಲ್ಲಾದರೂ ಬಾಡಿಗೆ ತಾಗುತ್ತಿದೆಯಾ ನೋಡಬೇಕು. ತಣ್ಣಗಿರುವಾಗ ಡಬ್ಬವನ್ನು ಕೈಯಲ್ಲಿ ಹಿಡಿದು ನಾಲ್ಕೂ ಕಡೆ ಅಲ್ಲಾಡಿಸಿ. ತಾಗಿದ ಕಡೆ ಬಣ್ಣ ಉಜ್ಜಿಹೋಗಿ ಲೋಹ ಹೊಳೆಯುತ್ತಿರುತ್ತದೆ. ಹ್ಯಾಂಗರ್ ರಬ್ಬರ್ ಬದಲು ತಂತಿ ಕಟ್ಟಿದ್ದರೆ, ರಬ್ಬರ್ ಬಿಗಿಯಾಗಿ ಎಳೆದುಕೊಂಡಿದ್ದರೆ, ಸದ್ದು ನೇರ ಬಾಡಿಗೆ ಹತ್ತುತ್ತದೆ. ಎರಡು ರಬ್ಬರ್ ಬದಲಾಯಿಸಿ ಗುಂಯ್ ಅರ್ಧ ಇಳಿದರೆ ಅಚ್ಚರಿ ಪಡಬೇಡಿ.

ಅದೂ ಸರಿ ಇದ್ದರೆ ಡಬ್ಬದ ಒಳಗೇನಿದೆ ಅನ್ನುವ ಪ್ರಶ್ನೆ. ಕಂಪನಿಯ ಡಬ್ಬದಲ್ಲಿ ಕೋಣೆಗಳಿರುತ್ತವೆ. ಸದ್ದು ಅದರೊಳಗೆ ಸುತ್ತಿ ಬಂದು ತನ್ನನ್ನು ತಾನೇ ಕೊಲ್ಲುತ್ತದೆ, ಅದರಲ್ಲೂ ಕೆಳಗಿನ ಹರ್ಟ್ಜ್ ಚೆನ್ನಾಗಿ ಸಾಯುತ್ತದೆ. ಸ್ಟ್ರೇಟ್ ಥ್ರೂ ಡಬ್ಬದಲ್ಲಿ ತೂತು ತೂತಿನ ಪೈಪು, ಸುತ್ತ ಗ್ಲಾಸ್ ವುಲ್. ಅದು ಮೇಲಿನ ಚುರುಕು ಸದ್ದನ್ನು ನುಂಗುತ್ತದೆ, 80 ಹರ್ಟ್ಜ್ ಅನ್ನು ಬಹುತೇಕ ಹಾಗೇ ಬಿಡುತ್ತದೆ. ಹಾಗಾಗಿ ಹೊರಗೆ ನಿಂತವರಿಗೆ "ಪರವಾಗಿಲ್ಲ" ಅನಿಸುವ ಕಾರು ಒಳಗೆ ಕೂತವರ ತಲೆ ತಿನ್ನುತ್ತದೆ. ಹಾಕಿಸಿದಾಗ ಚೆನ್ನಾಗಿದ್ದು, ಬರಬರುತ್ತಾ ಸದ್ದು ಕರ್ಕಶ ಆಗಿದ್ದರೆ ಗ್ಲಾಸ್ ವುಲ್ ಸುಟ್ಟು ಹಾರಿಹೋಗಿದೆ. ಪೈಪಿನ ತುದಿಯಲ್ಲಿ ಬಿಳಿ ನೂಲಿನ ಎಳೆ ಕಾಣಬಹುದು. ಬರಿಗೈಯಲ್ಲಿ ಮುಟ್ಟಬೇಡಿ, ಚುಚ್ಚುತ್ತದೆ, ಕೆರೆತ ಬರುತ್ತದೆ.

ಗುಂಯ್ ಕೊಲ್ಲಲು ಎರಡು ದಾರಿ. ನಡುವಿನ ರೆಸೊನೇಟರ್ (ಸದ್ದು ಇಳಿಸುವ ಚಿಕ್ಕ ಡಬ್ಬ) ತೆಗೆಸಿದ್ದರೆ ವಾಪಸ್ ಹಾಕಿಸಿ. ಮುಕ್ಕಾಲು ತೊಂದರೆ ಅಲ್ಲೇ ಮುಗಿಯುತ್ತದೆ. ಇಲ್ಲವೇ ಪೈಪಿನ ಬದಿಗೆ ತುದಿ ಮುಚ್ಚಿದ ಒಂದು ಅಡ್ಡ ಪೈಪ್ ಕೂಡಿಸಬೇಕು. ಜೆ ಪೈಪ್ ಅಂತಾರೆ. ಅದರ ಉದ್ದ ಸದ್ದಿನ ಅಲೆಯ ಕಾಲು ಭಾಗ. ಒಳಗೆ ಹೋದ ಸದ್ದು ತುದಿಗೆ ಬಡಿದು ವಾಪಸ್ ಬರುವಷ್ಟರಲ್ಲಿ ಉಲ್ಟಾ ಆಗಿ, ಬರುತ್ತಿರುವ ಸದ್ದನ್ನು ಅಳಿಸುತ್ತದೆ. 80 ಹರ್ಟ್ಜ್‌ಗೆ, ಸುಮಾರು 200 ಡಿಗ್ರಿ ಬಿಸಿ ಹೊಗೆಯಲ್ಲಿ, 1.35 ಮೀಟರ್ ಆಸುಪಾಸು ಬೇಕಾಗುತ್ತದೆ. ಚಿಕ್ಕ ಕಾರಿನ ಕೆಳಗೆ ಅಷ್ಟು ಉದ್ದಕ್ಕೆ ಜಾಗ ಹುಡುಕುವುದೇ ದೊಡ್ಡ ಕೆಲಸ. ಪೈಪಿನ ಬಿಸಿ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಆದ್ದರಿಂದ ಸ್ವಲ್ಪ ಉದ್ದ ಇಟ್ಟು, ತುದಿ ಕತ್ತರಿಸುತ್ತಾ ಹೊಂದಿಸುವುದು ಜಾಣತನ.

ಸದ್ದು ಏರಿಳಿಸಲು ತೆರೆದು ಮುಚ್ಚುವ ವಾಲ್ವ್ ಇರುವ ಎಕ್ಸಾಸ್ಟ್ ಆಗಿದ್ದರೆ, ಮುಚ್ಚಿದಾಗಲೂ ಸದ್ದು ಇಳಿಯದಿದ್ದರೆ, ವಾಲ್ವ್ ತೆರೆದೇ ಸಿಕ್ಕಿಕೊಂಡಿದೆ. ಮಸಿ, ತುಕ್ಕು ಸೇರಿ ಅದರ ಕಡ್ಡಿ ಹಿಡಿದುಕೊಳ್ಳುತ್ತದೆ. ಪೆನಿಟ್ರೇಟಿಂಗ್ ಆಯಿಲ್ ಹಾಕಿ ಕೈಯಲ್ಲಿ ಆಡಿಸಿ ನೋಡಿ, ಆಮೇಲೆ ಮೋಟರ್ ಅಥವಾ ವ್ಯಾಕ್ಯೂಮ್ ಹೋಸ್ ಕಡೆ ಹೋಗಿ.

ಪಟಾಕಿ ಮತ್ತು ಗಡಗಡ

ಈಗಿನ ಕಾರುಗಳಲ್ಲಿ ಗೇರ್‌ನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಸಿಯು ಪೆಟ್ರೋಲ್ ನಿಲ್ಲಿಸುತ್ತದೆ. ಪೆಟ್ರೋಲ್ ಇಲ್ಲದಿದ್ದರೆ ಪೈಪಿನಲ್ಲಿ ಹೊಡೆಯಲು ಏನಿದೆ? ಹಾಗಾಗಿ ಕಂಪನಿಯ ಮ್ಯಾಪ್ ಇರುವ ಮಾಮೂಲಿ ಕಾರು ಪಟಪಟ ಅಂದರೆ ಅದು ಸ್ಟೈಲ್ ಅಲ್ಲ, ಲಕ್ಷಣ. ಮೊದಲ ಭಾಗದಲ್ಲಿ ಲೀಕ್ ಆಗಿ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಅಥವಾ ಪ್ಲಗ್, ಕಾಯಿಲ್ ದುರ್ಬಲ ಆಗಿದೆ. ಬೇಕಂತಲೇ ಪಟಾಕಿ ಮ್ಯಾಪ್ ಹಾಕಿಸಿದ್ದರೆ ಅದು ಬೇರೆ ಮಾತು. ಕ್ಯಾಟ್ ಇಟ್ಟುಕೊಂಡು ಆ ಮ್ಯಾಪ್ ಓಡಿಸಿದರೆ ಕ್ಯಾಟ್ ಬಾಳುವುದಿಲ್ಲ.

ಗಡಗಡ ಸದ್ದು ಹೆಚ್ಚಾಗಿ ಹೀಟ್ ಶೀಲ್ಡಿನದು. ಬೋಲ್ಟ್ ಕಡೆ ತುಕ್ಕು ತಿಂದು ತಗಡು ಸಡಿಲ ಆಗಿರುತ್ತದೆ. ಕಿತ್ತು ಬಿಸಾಡಬೇಡಿ, ಮೇಲೆ ಪೆಟ್ರೋಲ್ ಲೈನ್ ಇರಬಹುದು. ಉದ್ದದ ಸ್ಟೀಲ್ ಹೋಸ್ ಕ್ಲಿಪ್ ಸುತ್ತಿ ಬಿಗಿದರೆ ಸಾಕು.

ಪವರ್ ಬಂತಾ, ಸದ್ದು ಮಾತ್ರ ಬಂತಾ

ಸದ್ದು ಜಾಸ್ತಿ ಆದರೆ ಕಾರು ಜೋರಾಗಿ ಹೋಗುತ್ತಿದೆ ಅನಿಸುತ್ತದೆ. ಎಲ್ಲರಿಗೂ ಅನಿಸುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲೂ ಆಮೇಲೂ ಒಂದೇ ಸಮತಟ್ಟು ರಸ್ತೆಯಲ್ಲಿ, ಟ್ರಾಫಿಕ್ ಇಲ್ಲದ ಹೊತ್ತಿನಲ್ಲಿ, ಮೂರನೇ ಗೇರ್‌ನಲ್ಲಿ 2000ದಿಂದ 5000 ಆರ್‌ಪಿಎಂವರೆಗೆ ಹೋಗಲು ಎಷ್ಟು ಸೆಕೆಂಡ್ ಅಂತ ಆ್ಯಪ್‌ನಲ್ಲಿ ದಾಖಲಿಸಿ. ಎರಡೂ ದಿಕ್ಕಿನಲ್ಲಿ ಮಾಡಿ ಸರಾಸರಿ ತೆಗೆಯಿರಿ. ಮೂರನೇ ಗೇರ್ ಯಾಕೆಂದರೆ ಚಕ್ರ ಜಾರುವುದಿಲ್ಲ, ವೇಗವೂ ಹುಚ್ಚಾಟಕ್ಕೆ ಹೋಗುವುದಿಲ್ಲ. ಮಧ್ಯಾಹ್ನದ ಬಿಸಿಲಿನ ಲೆಕ್ಕವನ್ನು ಬೆಳಗಿನ ಚಳಿಯ ಲೆಕ್ಕದ ಜೊತೆ ಹೋಲಿಸಬೇಡಿ. ಟರ್ಬೊ ಕಾರು ಬಿಸಿ ಗಾಳಿಗೆ ಬೇಗ ಸುಸ್ತಾಗುತ್ತದೆ.

ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಮೆಷಿನ್) ಪರೀಕ್ಷೆ ಮಾಡಿಸಿದರೆ ಕಾಗದದ ಮೂಲೆಯಲ್ಲಿ ಕರೆಕ್ಷನ್, ಅಂದರೆ ಗಾಳಿಯ ಒತ್ತಡ, ಬಿಸಿಗೆ ತಕ್ಕ ತಿದ್ದುಪಡಿ, ಇದೆಯಾ ನೋಡಿ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3 ಪ್ರತಿಶತ ಶಕ್ತಿ ಕಳೆದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಅದು 9, 10 ಪ್ರತಿಶತ. ಕರೆಕ್ಷನ್ ಇಲ್ಲದ ಬೆಂಗಳೂರು ಅಂಕಿಯನ್ನು ಕರೆಕ್ಷನ್ ಇರುವ ಚೆನ್ನೈ ಅಂಕಿಯ ಜೊತೆ ಹೋಲಿಸಿ ಎಕ್ಸಾಸ್ಟ್ ಬೈಯುವುದು ಅನ್ಯಾಯ ಅಲ್ವಾ?

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ರೂಪ ಬದಲಾಯಿಸುವುದಕ್ಕೆ ಕಡಿವಾಣ ಹಾಕುತ್ತದೆ. 2019ರ ತಿದ್ದುಪಡಿ ಆದ ಮೇಲೆ ಸದ್ದು, ಹೊಗೆಯ ಮಿತಿ ಮೀರಿದರೆ 190(2)ರ ಅಡಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಫೋಟೊ ನೀವೂ ನೋಡಿರುತ್ತೀರಿ. ಟ್ರ್ಯಾಕ್‌ಗೆ ಹೋಗುವವರು ಅಲ್ಲಿಗೊಂದು, ರಸ್ತೆಗೊಂದು ಸೆಟ್ ಇಟ್ಟುಕೊಳ್ಳುವುದು ಒಳ್ಳೆಯದು. ಏನೇ ಮಾಡಿಸಿ, ಕಂಪನಿಯ ಹಳೇ ಡಬ್ಬವನ್ನು ವೆಲ್ಡರ್ ಅಂಗಡಿಯಲ್ಲಿ ಬಿಟ್ಟು ಬರಬೇಡಿ. ದೋಷ ಹುಡುಕುವಾಗ ಅದನ್ನು ವಾಪಸ್ ಹಾಕಿ ನೋಡುವುದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ.

ರಿಪೇರಿ ಆದ ಮೇಲೆ

ಕಾರಿನ ಮೇಲೆ ವೆಲ್ಡಿಂಗ್ ಮಾಡುವುದಿದ್ದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಆಕ್ಸಿಜನ್ ಸೆನ್ಸರ್ ಹೊರಗೆ ತೆಗೆದಿಡಿ. ಒಮ್ಮೆ ಒತ್ತಿದ ಪ್ಯಾಕಿಂಗನ್ನು ಮತ್ತೆ ಹಾಕಬೇಡಿ, ಎಷ್ಟೇ ಚೆನ್ನಾಗಿ ಕಂಡರೂ. ಎಕ್ಸಾಸ್ಟ್ ಪುಟ್ಟಿ ಮೆತ್ತಿ ಮುಂದಿನ ಸೆನ್ಸರ್‌ಗಿಂತ ಮೊದಲಿನ ಲೀಕ್ ಮುಚ್ಚಲು ಹೋಗಬೇಡಿ, ಆ ಬಿಸಿಗೆ ಅದು ಉದುರುತ್ತದೆ. ಹಿಂದಿನ ಜೋಡಣೆಗೆ ಪರವಾಗಿಲ್ಲ.

ಕೋಡ್ ಅಳಿಸಿದ ತಕ್ಷಣ ಲೈಟ್ ಆರುತ್ತದೆ. ಅದಕ್ಕೆ ಅರ್ಥ ಇಲ್ಲ. ಸ್ಕ್ಯಾನರ್‌ನಲ್ಲಿ ಕ್ಯಾಟಲಿಸ್ಟ್ ಮಾನಿಟರ್ (ಇಸಿಯು ತಾನೇ ಮಾಡುವ ಕ್ಯಾಟ್ ಪರೀಕ್ಷೆ) ಅನ್ನುವ ಸಾಲು "ಪೂರ್ಣ" ಅಂತ ತೋರಿಸುವವರೆಗೆ ಕಾರು ಓಡಿಸಿ. ತಣ್ಣಗೆ ಸ್ಟಾರ್ಟ್ ಮಾಡಿ, ಹೈವೇಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಹೋಗಬೇಕಾಗುತ್ತದೆ. ಊರೊಳಗಿನ ಟ್ರಾಫಿಕ್‌ನಲ್ಲಿ ಅದು ಮುಗಿಯುವುದೇ ಇಲ್ಲ. ಫ್ಯೂಯೆಲ್ ಟ್ರಿಮ್ ಮತ್ತೆ ಐಡಲ್‌ನಲ್ಲೂ 2500ರಲ್ಲೂ ಬರೆದು, ಮೊದಲು ಬರೆದಿಟ್ಟ ಅಂಕಿಯ ಪಕ್ಕ ಇಟ್ಟು ನೋಡಿ. ಕೆಲವು ದಿನ ಬಿಸಿ-ತಣ್ಣಗೆ ಆದ ಮೇಲೆ ಹೊಸ ಪ್ಯಾಕಿಂಗ್ ಸ್ವಲ್ಪ ಕೂರುತ್ತದೆ. ಆಗ ಕಾರು ತಣ್ಣಗಿರುವಾಗ ಫ್ಲ್ಯಾಂಜ್ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ.